ಖನಿಜದ ಬುಟ್ಟಿಗೆ ಕೈ ಹಾಕಿದವನ ಅರಿಕೆ

ನಿರ್ಣಾಯಕ ಖನಿಜಗಳ ಮಾನ್ಯ ಅಧಿಕಾರಿಗಳೇ,

ಅರಕಲಗೂಡಿನಲ್ಲಿ ನಿಮ್ಮ ಖನಿಜದ ಬುಟ್ಟಿಗೆ ಕೈ ಹಾಕಿ ಶಿಬಿರ ಕೆಡಿಸಿದ ಹೊಗೆಸೊಪ್ಪಿನ ರೈತ ನಾನೇ. ಕ್ಷಮೆ ಕೇಳೋಣವೆಂದೇ ಬರೆಯಲು ಕೂತೆ. ಪೆನ್ನು ಹಿಡಿದ ಮೇಲೆ ತಕರಾರೇ ಮುಂದೆ ಬಂತು. ನಮ್ಮ ಮನೆಯ ಎಲೆಕ್ಟ್ರಿಕ್ ಸ್ಕೂಟರ್ ನಾಲ್ಕು ತಿಂಗಳಿಂದ ಮೋಟಾರಿಲ್ಲದೆ ನಿಂತಿದೆ. ನೀವು ನೋಡಿದರೆ ಖನಿಜದ ಕಂಪನಿಯ ಷೇರು ಕೊಳ್ಳಿ ಅನ್ನುತ್ತಿದ್ದೀರಿ.

ಸ್ಕೂಟರ್ ನನ್ನ ಸೊಸೆ ಪ್ರತಿಭಾಳದು. ಮಲ್ಲಿಪಟ್ಟಣದ ಸುತ್ತಿನ ಹಳ್ಳಿಗಳಿಗೆ ಅವಳು ಆಶಾ ಕಾರ್ಯಕರ್ತೆ; ಬಸುರಿ, ಬಾಣಂತಿಯರ ಮನೆ ಮನೆ ತಿರುಗುವುದೇ ಕೆಲಸ. ಮೋಟಾರ್ ಸುಟ್ಟಾಗ ಗಾಡಿಯನ್ನು ಟೆಂಪೋಗೆ ಏರಿಸಿ ಹೊಳೆನರಸೀಪುರದ ಶೋರೂಮಿಗೆ ಒಯ್ದೆ. ಮೆಕ್ಯಾನಿಕ್ ಶಶಿಕಿರಣ್, "ಹೊಸ ಮೋಟ್ರು ಬತ್ತಾ ಇಲ್ಲ ಸಾ. ಒಳಗಿರೋ ಅಯಸ್ಕಾಂತ ಚೀನಾದಿಂದ ಬರ್ಬೇಕು. ದೇಶದೇಶದ ಜಗಳದಲ್ಲಿ ಅವ್ರು ತಡೆದ್ಬುಟ್ಟವ್ರೆ" ಅಂದ. ಅಲ್ಲಾ ಸ್ವಾಮಿ, ಸರ್ಕಾರ ಸರ್ಕಾರಗಳು ಸುಂಕಕ್ಕೆ ಮುನಿಸಿಕೊಂಡರೆ ನನ್ನ ಸೊಸೆ ಯಾಕೆ ನಡೆಯಬೇಕು? ನನ್ನ ಮೊಪೆಡ್ಡಿನಲ್ಲಿ ಬಿಟ್ಟುಬರೋಣವೆಂದರೆ, ಎಲೆ ಹದಮಾಡುವ ಬ್ಯಾರನ್ನಿಗೆ ಬೆಂಕಿ ಹಾಕಿದ ವಾರ ನಾನು ಅಲ್ಲಿಂದ ಕದಲುವಂತಿಲ್ಲ.

ಇಷ್ಟರಲ್ಲಿ ನಿಮ್ಮ ಶಿಬಿರ. ತಮ್ಮ ಭಾಷಣ ಸೊಗಸಾಗಿತ್ತು, ಉಪ್ಪಿಟ್ಟು ಅದಕ್ಕಿಂತ ಚೆನ್ನಾಗಿತ್ತು. ಆ ಅಯಸ್ಕಾಂತಕ್ಕೆ ಬೇಕಾದ ಅದಿರನ್ನು ಇಲ್ಲೇ ಶುದ್ಧ ಮಾಡುವ ಕಂಪನಿಗಳು ಬರಲಿವೆ, ರೈತರು ಈಗಲೇ ಹಣ ತೊಡಗಿಸಬೇಕು ಎಂದಿರಿ. ಮೇಜಿನ ಮೇಲೆ ಬುಟ್ಟಿ ತುಂಬ ಕಪ್ಪಗೆ ಮಿನುಗುವ ಅದಿರು. ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ಮೇಲಿನ ಚಿನ್ನದ ಬಣ್ಣದ ಎಲೆಯಷ್ಟೇ ನೋಡಿ ಯಾರೂ ಬೇಲ್, ಅಂದರೆ ಎಲೆಯ ಕಟ್ಟು, ಕೊಳ್ಳುವುದಿಲ್ಲ. ತಳದವರೆಗೆ ಕೈ ಹಾಕಿ ಎಳೆದು ನೋಡುತ್ತಾರೆ. ನೋಡಿ ನೋಡಿ ನನ್ನ ಕೈಗೂ ಅದೇ ಚಟ. ಹಾಕಿದೆ. ಬಂದದ್ದು ಥರ್ಮೋಕೋಲ್.

"ಅದು ಪ್ರದರ್ಶನಕ್ಕೆ ಇಟ್ಟಿರೋದು ಕಣ್ರೀ!" ಎಂದು ತಾವು ಮೈಕಿನಲ್ಲೇ ಗದರಿದಿರಿ. ಪಕ್ಕದ ಹೊಲದ ಚಿಕ್ಕಬೀರಯ್ಯ ಸುಮ್ಮನಿರುವ ಆಸಾಮಿಯೇ? "ಕಂಪ್ನಿನಾದ್ರೂ ದಿಟವಾ ಸಾ, ಇಲ್ಲಾ ಅದೂ ಪ್ರದರ್ಶನಕ್ಕಾ?" ಅಂದುಬಿಟ್ಟ. ಉತ್ತರಕ್ಕೆ ಮುಂಚೆಯೇ ವಂದನಾರ್ಪಣೆ ಬಂತು.

ನಾನು ತಮ್ಮ ಯೋಜನೆಯ ವಿರೋಧಿಯಲ್ಲ. ಹಸಿ ಎಲೆಗೆ ಬೆಲೆಯಿಲ್ಲ, ಹದವಾದ ಎಲೆಗೇ ಬೆಲೆ ಎಂದು ಬ್ಯಾರನ್ ಕಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಚೀನಾದವರು ಎಷ್ಟೋ ವರ್ಷದ ಹಿಂದೆಯೇ ಅದಿರು ಹದಮಾಡುವ ಕುಲುಮೆ ಕಟ್ಟಿಕೊಂಡರು. ನಾವು ಬ್ಯಾನರ್ ಕಟ್ಟುತ್ತಿದ್ದೇವೆ. ಕಟ್ಟಿ, ಬೇಡವೆನ್ನುವುದಿಲ್ಲ. ಅದರ ಹಿಂದೆ ಒಂದು ಕಾರ್ಖಾನೆಯೂ ಇದ್ದರೆ ಒಳ್ಳೆಯದು.

ನಿನ್ನೆ ಸ್ಪಂದನಾ ಎಂಬ ಬಸುರಿ ಹುಡುಗಿಯ ಮನೆಗೆ ಪ್ರತಿಭಾ ನಡೆದೇ ಹೋಗಿಬಂದಳು. ಒಂಬತ್ತನೇ ತಿಂಗಳು, ಬಿಪಿ ಜಾಸ್ತಿ. ಕಾಲು ನೀವಿಕೊಳ್ಳುತ್ತಾ, "ಫೋನ್ ಬಂದಾಗ ನಾನು ಓಗೋದು ತಡವಾಗ್ಬುಟ್ರೆ ಏನ್ ಗತಿ ಮಾವ?" ಅಂದಳು. ನನಗೂ ಭಯವೇ ಆಯಿತು.

ಆದ್ದರಿಂದ ಒತ್ತಾಯ ಇಷ್ಟೇ. ಕಾರ್ಖಾನೆ ಎಲ್ಲಿ, ಯಾವತ್ತು ಶುರು, ಅಲ್ಲಿಯವರೆಗೆ ಪ್ರತಿಭಾಳಂಥವರ ಗಾಡಿಗೆ ಮೋಟಾರ್ ಯಾವಾಗ ಬರುತ್ತದೆ, ಬರೆದು ತಿಳಿಸಿ. ಸ್ಪಂದನಾಳ ಇನ್ನೂ ಕಣ್ಣಿಗೆ ಕಾಣದ ಮಗುವಿಗೆ ನಮ್ಮ ಡಾಕ್ಟರಮ್ಮ ಹೆರಿಗೆಯ ದಿನಾಂಕ ಬರೆದುಕೊಟ್ಟಿದ್ದಾರೆ. ತಮಗೇನು ಕಷ್ಟ?

ಇಂತಿ,
ಹೆರಿಗೆಗೂ ಚೀನಾಕ್ಕೂ ಇರುವ ಸಂಬಂಧವನ್ನು ಈ ವಯಸ್ಸಿನಲ್ಲಿ ಕಲಿಯುತ್ತಿರುವ
ಕಾಂತರಾಜು