ಮೇಜಿನ ಮೇಲಿಟ್ಟ ರೊಟ್ಟಿ

ಮಾರ್ಚ್ ೯, ಸೋಮವಾರ

ಮಲಿಂಡಾ, ನಿನ್ನ ಗಂಡ ಡೇರಿಲ್‌ನ ಕೆಮ್ಮು ವಾಸಿಯಾಯ್ತಾ? ಮಗು ಏಡಾಗೆ ಹಲ್ಲು ಬಂತಾ? ನೀನು ಎದುರಿಗಿದ್ದಾಗ ಇದೊಂದನ್ನೂ ಕೇಳಲಿಲ್ಲ.

ನಿಮ್ಮಪ್ಪನನ್ನು ಮಣ್ಣು ಮಾಡಿ ಬಂದಮೇಲೆ, ಊಟಕ್ಕೆ ಮುಂಚೆ ನಿನ್ನನ್ನು ಹೊರಗಿಟ್ಟ ನಮ್ಮ ಆಮಿಶ್ ಕ್ರೈಸ್ತ ಸಭೆಯ ಬಿಷಪ್ ಯೋಸ್ಟ್‌ನನ್ನು ಕೇಳಿದೆ: "ಸಭೆ ಹೊರಗಿಟ್ಟವರ ಜೊತೆ ಉಣ್ಣಬೇಡಿ ಅಂತ ಬೈಬಲಿನಲ್ಲಿ ಪೌಲ ಬರೆದ, ಸರಿ. ಯೇಸು ಊರೆಲ್ಲ ದೂರವಿಟ್ಟ ಸುಂಕದವರ ಜೊತೆಗೇ ಉಂಡನಲ್ಲಪ್ಪಾ. ಯಾರ ಮಾತು ದೊಡ್ಡದು?"

"ಎರಡೂ ದೇವರ ಮಾತೇ ಫ್ಯಾನಿ ಅಕ್ಕಾ. ತಕ್ಕಡಿ ಹಿಡಿಯೋಕೆ ನಾವ್ಯಾರು?"

"ನೀನು ಹಿಡಿದೇ ಇದ್ದೀಯಲ್ಲೋ ಮಾರಾಯ."

ಅವನು ನಗಲಿಲ್ಲ. ನಾನು ಎರಡು ಮೇಜುಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಮೇಲೆ ಒಂದೇ ಬಟ್ಟೆ ಹಾಸಿದೆ. ನಿಯಮಕ್ಕೆ ನಿನ್ನ ಮೇಜು ಬೇರೆ, ಕಣ್ಣಿಗೆ ಒಂದೇ. ಗೆದ್ದೆ ಅಂದುಕೊಂಡೆ.

ಆಗ ನೀನು ನನಗೆ ರೊಟ್ಟಿ ಚಾಚಿದೆ. ಹೊರಗಿಟ್ಟವರ ಕೈಯಿಂದ ನೇರವಾಗಿ ಏನನ್ನೂ ತೆಗೆದುಕೊಳ್ಳಬಾರದು. ಯೋಸ್ಟ್ ಅತ್ತ ತಿರುಗಿದ್ದ, ಯಾರೂ ನೋಡುತ್ತಿರಲಿಲ್ಲ. ಆದರೂ ನನ್ನ ಕೈ ಮೇಲೇಳಲಿಲ್ಲ. ನೀನು ಸ್ವಲ್ಪ ಹೊತ್ತು ಹಿಡಿದೇ ಇದ್ದು, ಆಮೇಲೆ ಮೇಜಿನ ಮೇಲಿಟ್ಟೆ. ಆಗ ತೆಗೆದುಕೊಂಡೆ.

ಬಾಯಲ್ಲಿ ಯೇಸುವಿನ ಮಾತೆತ್ತಿದವಳು ನಾನೇ.

ಈ ಹಾಳೆಯನ್ನು ದಿನಚರಿಯಿಂದ ಹರಿದು ಅಂಚೆಗೆ ಹಾಕುವ ಧೈರ್ಯ ನನಗೆ ಬಂದರೆ, ಬೇಗ ಉತ್ತರ ಬರಿ ಮಗಳೇ. ಬೈದಾದರೂ ಬರಿ.