ಸರದಾರನಿಗೆ ಒಪ್ಪಿದ ಬ್ರಷ್

ಗಲಗಲಿ
9 ಫೆಬ್ರುವರಿ 2025

ಪ್ರೀತಿಯ ಯಶೋಧರಾಗೆ ಸತ್ಯವ್ವ ಮಾಡುವ ಆಶೀರ್ವಾದಗಳು.

ನಾವು ಕ್ಷೇಮ. ನೀನು, ಪರಮಾನಂದ, ಅವರ ತಾಯಿಯವರು ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನೀನು ಕಳಿಸಿದ ಬ್ರಷ್‌ಗಳು ಸಂಕ್ರಾಂತಿಗೆ ಮೊದಲೇ ಬಂದು ಮುಟ್ಟಿದವು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನ್ ಹಿಡಿದರೆ ನನಗೆ ‘ಊಟ ಆತಾ’ ಎನ್ನುವುದರ ಮುಂದೆ ಮಾತೇ ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ಮೊದಲು ನಮ್ಮ ಪರಾಕ್ರಮ ಕೇಳು. ನನ್ನ ಮಗ ಗುರುಪಾದ ತೀರಿಕೊಂಡ ಮೇಲೆ ನಾನೇ ಮುಂದೆ ನಿಂತು ಪರಮಾನಂದನ ಜೊತೆ ನಿನ್ನ ಉಡಿಕಿ ಮದುವೆ ಮಾಡಿಸಿ ಬನಹಟ್ಟಿಗೆ ಕಳಿಸಿದೆನಲ್ಲ, ಅಂದಿನಿಂದ ಅವನ ನಾಯಿ ಸರದಾರ ಯಾರಿಗೂ ಮೈ ಮುಟ್ಟಗೊಡಲಿಲ್ಲ. ಅದಕ್ಕೆ ನಿಮ್ಮಿಬ್ಬರ ಕೈ ಬಿಟ್ಟು ಬೇರೆ ಕೈ ಗೊತ್ತಿರಲಿಲ್ಲ. ಉಣ್ಣಿ ಹತ್ತಿ ಬೆನ್ನ ಮೇಲೆ ಹುಣ್ಣಾದವು. ಕುರಿ ಸಾಕಿದ ಮಂದಿ ನಾವು, ನಮಗೆ ಗೊತ್ತಿರುವುದು ಒಂದೇ ದಾರಿ. ತುಪ್ಪಟ ಕತ್ತರಿಸುವಾಗ ಕುರಿಯನ್ನು ಕೆಡವಿ ಕಾಲು ಕಟ್ಟುವಂತೆ ಇವನನ್ನೂ ಕಟ್ಟಿದೆವು. ನಿನ್ನ ಮೈದುನನಾಗಿದ್ದ ಭೀಮಶಿ ಕುತ್ತಿಗೆ ಒತ್ತಿ ಹಿಡಿದ, ನಾನು ಎಮ್ಮೆ ತಿಕ್ಕುವ ನಾರಿನ ಬ್ರಷ್ ಹಿಡಿದು ಕುಳಿತೆ. ಕಟ್ಟಿದರೆ ಕುರಿ ಸುಮ್ಮನಾಗುತ್ತದೆ, ಬೇಟೆನಾಯಿ ಸುಮ್ಮನಾದೀತೇ? ಹಗ್ಗ ಹರಿದುಕೊಂಡು, ಭೀಮಶಿಯ ಕೈ ಕಚ್ಚಿ, ಕಬ್ಬಿನೊಳಗೆ ಓಡಿಹೋದ. ಮರುದಿನ ಬಂದರೂ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ. ನನಗೆ ಬಹಳ ಕೆಟ್ಟೆನಿಸಿತು.

ಬೀಳಗಿಯ ದನದ ಡಾಕ್ಟರು ನೋಡಿ, ಮುಧೋಳ ನಾಯಿಯ ತೊಗಲು ಬಲು ತೆಳು, ಬಿರುಸು ಬ್ರಷ್ ತಾಗಿಸಬೇಡಿ ಎಂದರು. ಆದರೆ ಮೈ ಸ್ವಚ್ಛ ಮಾಡದೆ ಮುಲಾಮು ಹತ್ತುವುದಿಲ್ಲ, ಹುಣ್ಣು ಹರಡಿದರೆ ಜೀವಕ್ಕೇ ಕೇಡು ಎಂದೂ ಹೇಳಿದರು. ಭೀಮಶಿ ನಾಯಿಯನ್ನು ಬಾಡಗಂಡಿಯ ಗೆಳೆಯನ ತೋಟದಲ್ಲಿ ಬಿಟ್ಟು ಬರುತ್ತೇನೆಂದು ಹಟ ಹಿಡಿದ. ಗುರುಪಾದ ನನಗೆ ಬಿಟ್ಟುಹೋದ ಜೀವ ಅದೊಂದೇ. ಆಗಲೇ ನಿನಗೆ ಫೋನ್ ಮಾಡಿಸಿದ್ದು.

ನೀನು ಮೂರು ಥರದವು ಕಳಿಸಿದೆ. ಯಾವುದು ಮೆತ್ತಗೆಂದು ನಾಯಿಯನ್ನು ಕೇಳಲಾದೀತೇ? ನನ್ನ ಮುಂಗೈಗೇ ಉಜ್ಜಿಕೊಂಡು ನೋಡಿದೆ. ತಂತಿಯದು ಗೀರಿತು. ಕೂದಲಿನದು ವಾಸಿ, ಆದರೂ ಹುಣ್ಣಿನ ಹತ್ತಿರ ಚುಚ್ಚೀತು ಎನಿಸಿತು. ಕೈಗವಸಿನ ಹಾಗೆ ತೊಡುವ ರಬ್ಬರಿನದನ್ನು ಕೆನ್ನೆಗೂ ಎಳೆದುಕೊಂಡೆ, ಹಿತವಾಗಿತ್ತು. ಭೀಮಶಿ ನೋಡಿ, “ಯವ್ವಾ, ನಿನಗೂ ಉಣ್ಣಿ ಹತ್ಯಾವೇನ?” ಎಂದು ನಕ್ಕ. ನಗಲಿ, ಅವನ ಮೈಯೇನು ಉರಿಯುವುದಿಲ್ಲವಲ್ಲ.

ನೀನು ಹೇಳಿದಂತೆ ಅದನ್ನು ರೊಟ್ಟಿಯ ಪಕ್ಕ ಇಟ್ಟು ಮೂಸಲು ಬಿಟ್ಟೆ. ಆಮೇಲೆ ಕಟ್ಟದೆ, ಹಿಡಿಯದೆ, ಬೆನ್ನಿನ ಗೊಡವೆಗೆ ಹೋಗದೆ ಎದೆಯಿಂದ ಸುರುಮಾಡಿದೆ. ಗುರ್ ಎಂದರೆ ಕೈ ತೆಗೆಯುತ್ತಿದ್ದೆ. ದಿನಾ ಅಷ್ಟಷ್ಟೇ. ಮೊನ್ನೆ ತಾನಾಗಿಯೇ ಬಂದು ನನ್ನ ಮಗ್ಗುಲಿಗೆ ಒರಗಿ ನಿಂತ. ಬೆನ್ನಿನ ತನಕ ಉಜ್ಜಿಸಿಕೊಂಡ. ಸತ್ತ ಕೂದಲು ಹಿಡಿಗಟ್ಟಲೆ ಬಂತು, ನನಗೆ ಅಳುವೂ ಬಂತು. ಮುಲಾಮೂ ಹಚ್ಚಿಸಿಕೊಂಡ, ಈಗ ಹುಣ್ಣುಗಳು ಒಣಗುತ್ತಿವೆ. ಭೀಮಶಿಯೂ ಮೆತ್ತಗಾಗಿದ್ದಾನೆ. “ಇರ್ಲಿ ಬಿಡ ಯವ್ವಾ, ಅಣ್ಣನ ನಾಯಿ ಎಲ್ಲಿಗ್ಯಾಕ ಹೋಗ್ತೈತಿ” ಎಂದ.

ನಿನ್ನ ಉಪಕಾರ ದೊಡ್ಡದು ಯಶೋಧರಾ. ಹೊಸ ಸಂಸಾರದ ಗದ್ದಲದಲ್ಲೂ ಹಳೆಯ ಮನೆಯ ನಾಯಿಗಾಗಿ ಜಮಖಂಡಿಯ ಅಂಗಡಿಗಳನ್ನೆಲ್ಲ ತಿರುಗಿದೆ. ಬೀರೇಶ್ವರ ನಿನ್ನ ಉಡಿ ತುಂಬಲಿ, ಪರಮಾನಂದನಿಗೆ ಆಯುಷ್ಯ ಕೊಡಲಿ.

ಇಂತಿ,
ಸತ್ಯವ್ವ

ತಾ.ಕ.: ಬ್ರಷ್‌ಗಳ ಜೊತೆ ಇಟ್ಟ ಚೀಟಿಯಲ್ಲಿ ನೀನು ‘ಸತ್ಯವ್ವನವರಿಗೆ ನಮಸ್ಕಾರ’ ಎಂದು ಬರೆದಿದ್ದೆ. ಉತ್ತರ ತಡವಾದದ್ದು ಅದಕ್ಕೇ. ಇಷ್ಟು ವರ್ಷ ನನ್ನನ್ನು ಅತ್ತಿ ಎಂದವಳು ನೀನು. ಆ ಮಾತು ಈಗ ಪರಮಾನಂದನ ತಾಯಿಯವರಿಗೆ ಸೇರಿದ್ದು, ನಾನು ಕೇಳಬಾರದು. ಅವ್ವ ಎನ್ನಲು ಬರುತ್ತದೇನು, ನೋಡು.