ಹತ್ತಕ್ಕೆ ಮೂರು

ಮಾರ್ಚ್ 1, ಶನಿವಾರ. ಸಂಜೆ ಆರು.

ಮತ್ತೆ ಅದೇ ಲೈಬ್ರರಿ, ಅದೇ ನೆಲಮಾಳಿಗೆ. ಏಳು ಜನ, ಹದಿಮೂರು ಕಿವಿ. (ಲೆಕ್ಕದ ಮೇಷ್ಟ್ರ ಎಡಗಿವಿ ರಿಟೈರ್ ಆಗಿ ಎರಡು ವರ್ಷ.) ವಾರಕ್ಕೊಂದು ಹಳೇ ಆಲ್ಬಮ್ ಕೇಳುವುದು, ಚೀಟಿಯಲ್ಲಿ ಹತ್ತಕ್ಕೆ ಇಷ್ಟು ಅಂತ ಬರೆಯುವುದು, ಆಮೇಲೆ ಜಗಳ. ಗ್ರಾಮಫೋನ್ ಪ್ಲೇಟು ಹಾಕುವ ಕೆಲಸ ನನ್ನದು.

ಇವತ್ತು ರಾಕ್. ಡಬಲ್ ಆಲ್ಬಮ್, ನಾಲ್ಕು ಬದಿ. ಮೀಸೆ ಮೂಡುವ ವಯಸ್ಸಲ್ಲಿ ಇದನ್ನು ಕೇಳಿ ಖುಷಿಗೆ ಗೋಡೆಗೆ ತಲೆ ಚಚ್ಚಿಕೊಂಡಿದ್ದೆ. ಇವತ್ತು ಗೋಡೆ ದೂರ ಇತ್ತು. ಡ್ರಮ್ಮಿನವನಿಗೆ ದಮ್ಮಿದೆ, ಹಾಡುವವನಿಗೆ ಕೆಮ್ಮಿದೆ. ಗಿಟಾರ್ ಸೋಲೋ ಒಂಬತ್ತು ನಿಮಿಷ — ಅವನು ಸೋಲಲಿಲ್ಲ, ನಾನು ಸೋತೆ. ಆರು ಕೊಟ್ಟೆ.

ನಾಲ್ಕನೇ ಬದಿ ಅಂತ ಹೇಳಿ ಎರಡನೇ ಬದಿಯನ್ನೇ ಮತ್ತೆ ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ. ಮೇಷ್ಟ್ರು ಎರಡನೇ ಬದಿಗೆ ಆರೂಕಾಲು ಕೊಟ್ಟಿದ್ದರು, ನಾಲ್ಕನೆಯದಕ್ಕೆ ಎಂಟೂವರೆ. "ಇಲ್ಲಿ ನೋಡಿ, ತಂಡ ಎಷ್ಟು ಬೆಳೆದಿದೆ!" ಅಂದರು. ನಮ್ಮಲ್ಲಿ ಅವರೊಬ್ಬರೇ ನಿಜವಾದ ಮಾರ್ಕ್ಸ್‌ವಾದಿ. ನಗು ತಡೆಯಲು ಬಾಗಿ ಚಪ್ಪಲಿ ಸರಿಮಾಡಿಕೊಂಡೆ. ಎರಡು ಸಲ.

ಕೊನೆಯಲ್ಲಿ ಟಿಕ್ಕು ಎದ್ದು ನಿಂತ. ಗಡಿಯಾರ ರಿಪೇರಿಯವನು, ನನ್ನ ಮೂವತ್ತೆಂಟು ವರ್ಷದ ಗೆಳೆಯ. ಎದ್ದು ಮಾತಾಡುವ ಪೈಕಿಯಲ್ಲ.

"ಹದಿನೈದನೇ ತಾರೀಕು ನಮ್ಮ ಪ್ಲೇಟ್ ಹಾಕೋಣ. ನಾನೂ ನಮ್ಮನೆಯವಳೂ ಮಾಡಿದ್ದು."

ಚೀಲದಿಂದ ತೆಗೆದು ನನ್ನ ಕೈಗೇ ಕೊಟ್ಟ. "ಒರೆಸಿ ರೆಡಿ ಮಾಡೋ, ತರಲೆ."

ಕವರಿನ ಮೇಲೆ ಎರಡು ಖಾಲಿ ಕುರ್ಚಿಗಳ ಚಿತ್ರ. ಹೆಸರು ಯಾರದ್ದೂ ಇಲ್ಲ.

ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪ್ಲೇಟ್ ಭಾರ ಅಂದೆ.

ಮಾರ್ಚ್ 3, ಸೋಮವಾರ.

ಟಿಕ್ಕು ಮನೆಗೆ ಹೋಗಿದ್ದೆ. ಸೋಮವಾರದ ಟೀ ಅಲ್ಲೇ. ನನ್ನವಳು ಹೋದ ಮೇಲೆ ಸೋಮವಾರ, ಬುಧವಾರ, ಭಾನುವಾರ ಎಲ್ಲ ಅಲ್ಲೇ. ಅವನ ಹೆಂಡತಿ, ನನಗೆ ಅತ್ತಿಗೆ, ಟೀ ತಂದಿಟ್ಟರು. ಅವರು ಮಾತಾಡುವುದೇ ಪಿಸುಮಾತಲ್ಲಿ. ಹೊಸಬರು ಗಂಟಲು ನೋವಾ ಅಂತ ಕೇಳುತ್ತಾರೆ.

"ಅತ್ತಿಗೆ, ಹದಿನೈದಕ್ಕೆ ನೀವೂ ಬರ್ತೀರಲ್ಲ?"

"ನನ್ನ ಗಂಡುಗಂಟಲು ಕೇಳೋಕೆ ನಾನೇ ಬರಬೇಕಾ? ನೀವೇ ಕೇಳಿ ಬನ್ನಿ."

ಟಿಕ್ಕು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. "ನೋಡು, ಇದೇ! ಆ ಮುಳ್ಳು ಅನ್ನೋ ಬೇವರ್ಸಿ ಬರೆದ ಒಂದು ಮಾತಿಗೆ ನಲವತ್ತೊಂದು ವರ್ಷ ಇವಳು ಬಾಯಿ ಬಿಡಲಿಲ್ಲ. ಮಗು ಮಲಗಿಸೋಕೂ ಹಾಡಲಿಲ್ಲ ಕಣೋ. ನಾನು ಮೌತ್ ಆರ್ಗನ್ ಊದಿ ಮಲಗಿಸ್ತಿದ್ದೆ." ಆಮೇಲೆ ಎಂದಿನಂತೆ ಆ ಹಳೇ ವಿಮರ್ಶೆ ಬಾಯಿಪಾಠ ಒಪ್ಪಿಸಿದ, ಒಂದಕ್ಷರ ತಪ್ಪದೆ:

"ಗಾಯಕ ಮಹಾಶಯರು ಕಂಬಳಿ ಹೊದ್ದು, ಕಂಬಳಿಯೊಳಗಿಂದಲೇ ಹಾಡಿದ್ದಾರೆ. ಒಂದು ಹಾಡು ಮುಗಿಯುವಷ್ಟರಲ್ಲಿ ನನ್ನ ಗಡ್ಡ ಅಂಗುಲ ಬೆಳೆಯಿತು, ಅವರದ್ದೂ ಬೆಳೆದಿರಬೇಕು. ಹತ್ತಕ್ಕೆ ಮೂರು. ಒಂದು ಕವರಿಗೆ, ಎರಡು ನನಗೆ ಬಂದ ನಿದ್ದೆಗೆ."

"ಸಾಕು ಬಿಡ್ರಿ," ಅಂದರು ಅತ್ತಿಗೆ. "ಬೀದಿ ಹುಡುಗರು ನನ್ನ ನೋಡಿ ಗಡ್ಡ ಇರೋ ಹಾಗೆ ಗಲ್ಲ ತುರಿಸಿಕೊಳ್ತಿದ್ದದ್ದು ಇನ್ನೂ ಮರೆತಿಲ್ಲ." ಒಳಗೆ ಹೋದರು.

ಟಿಕ್ಕು ದನಿ ತಗ್ಗಿಸಿದ. "ಏಳು ಜನ ಕೂತು ಚೆನ್ನಾಗಿದೆ ಅಂದ್ರೆ ಅವಳು ನಂಬಬಹುದು. ಈ ಜನ್ಮದಲ್ಲೇ ಇನ್ನೊಂದು ಸಲ ಅವಳ ಹಾಡು ಕೇಳಬೇಕು ಕಣೋ."

ಟೀ ಅರ್ಧಕ್ಕೆ ಬಿಟ್ಟು ಬಂದೆ.

ಮುಳ್ಳು ನಾನೇ. ಈ ಡೈರಿಯಲ್ಲೂ ಬರೆದಿರಲಿಲ್ಲ. ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಆಲ್ಬಮ್ ವಿಮರ್ಶೆಯ ಕಾಲಂಗೆ ಆಳಿಲ್ಲ ಅಂದಾಗ ಗುಟ್ಟಾಗಿ ಈ ಹೆಸರಲ್ಲಿ ಬರೆದೆ. ಮೂರು ವರ್ಷದ ಮೇಲೆ ವಾಚ್ ರಿಪೇರಿಗೆ ಅಂತ ಟಿಕ್ಕು ಅಂಗಡಿಗೆ ಹೋದೆ. ಮೊದಲ ಗಂಟೆಯಲ್ಲೇ ಅವನು ಮುಳ್ಳಿನ ಕಥೆ ಹೇಳಿದ. ಅಯ್ಯೋ ಅಂದೆ. ಆ ಅಯ್ಯೋ ಇಂದಿಗೂ ಮುಗಿದಿಲ್ಲ. ದಿನಾ ಗಡಿಯಾರದ ಮುಳ್ಳು ತಿದ್ದುವ ಮನುಷ್ಯನಿಗೆ ಪಕ್ಕದಲ್ಲಿ ಕೂತ ಮುಳ್ಳು ಕಾಣಲಿಲ್ಲ.

ಇಷ್ಟು ವರ್ಷ ಸಮಾಧಾನ ಒಂದೇ: ಕೇಳಿದ್ದನ್ನೇ ಬರೆದೆ. ಗಾಯಕ ಗಂಡಸು ಅಂತಲೇ ತಿಳಿದಿದ್ದೆ. ಅತ್ತಿಗೆಯ ಗಂಟಲು ಹಾಗಿತ್ತು, ನನ್ನ ನಾಲಿಗೆ ಹೀಗಿತ್ತು.

ಮಾರ್ಚ್ 6, ಗುರುವಾರ. ಬೆಳಿಗ್ಗೆ.

ನಿನ್ನೆ ಸಂಜೆ ನಡೆದದ್ದು. ನೆಟ್ಟಗೆ ಬರೆಯಬೇಕು.

ಮೊದಲು ಒಂದು ಸಣ್ಣ ಪಾಪ್ ಪ್ಲೇಟ್ ಕೇಳಿದೆ, ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದ್ದು. ಪಾಪ್ ಅಂದರೆ ಪಾಪದ್ದು, ಮೂರು ನಿಮಿಷಕ್ಕೆ ಸಾಯುತ್ತದೆ. ಏಳು. ಆಮೇಲೆ ಧೈರ್ಯ ಮಾಡಿ ಕುರ್ಚಿಗಳ ಪ್ಲೇಟ್ ಒರೆಸಿ ಹಾಕಿದೆ. ದೊಡ್ಡ ಪ್ಲೇಟು ಅಂದರೆ ಮೂವತ್ತಮೂರರ ವೇಗ, ಯಾರಿಗಾದರೂ ಗೊತ್ತು. ಗುಂಡಿ ತಿರುಗಿಸಲು ಮರೆತೆ. ನೆನಪಾಗಿ ಕೈ ಚಾಚಿದೆ —

ಕೈ ಅಲ್ಲೇ ನಿಂತಿತು.

ಹೆಣ್ಣಿನ ಧ್ವನಿ. ತೆಳ್ಳಗೆ, ನೆಟ್ಟಗೆ. ಕೊಡದ ಅಂಚಿಗೆ ಬೆರಳು ತಾಗಿಸಿದ ಹಾಗೆ. ಹಿಂದೆ ಟಿಕ್ಕುವಿನ ಗಿಟಾರ್, ಚುರುಕಾಗಿ.

ಮಗಳು ಕೆಲಸದಿಂದ ಬಂದು ಬಾಗಿಲಲ್ಲೇ ನಿಂತಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. "ಯಾರಪ್ಪ ಇದು? ಎಷ್ಟು ಚೆನ್ನಾಗಿ ಹಾಡ್ತಾರೆ!"

"ಸ್ಪೀಡು ತಪ್ಪಾಗಿದೆ," ಅಂದೆ. ಮೂವತ್ತಮೂರಕ್ಕೆ ತಿರುಗಿಸಿದೆ; ವೇಗ ಇಳಿದಂತೆ ಧ್ವನಿಯೂ ದಪ್ಪವಾಗಿ ಇಳಿಯಿತು.

ಬಂದ. ಅದೇ ಗಂಡಸು. ಕಂಬಳಿಯೊಳಗಿನವನು. ನಲವತ್ತೊಂದು ವರ್ಷದ ಮೇಲೂ ಗುರುತು ಸಿಕ್ಕಿತು.

ಮಗಳು ನಕ್ಕಳು. "ಥೂ, ಕೋಣ! ಅಪ್ಪ, ಮೊದಲಿದ್ದದ್ದೇ ಸರಿ." ಪ್ಲೇಟ್ ನಿಲ್ಲಿಸಿ, ಮಧ್ಯದ ಲೇಬಲ್ ಮೂಗಿನ ಹತ್ತಿರ ಹಿಡಿದಳು. "ಇಲ್ಲೇ ಬರೆದಿದೆಯಲ್ಲ. ಇರುವೆ ಅಕ್ಷರದಲ್ಲಿ, ನಲವತ್ತೈದು." ಆ ವೇಗಕ್ಕೆ ತಿರುಗಿಸಿ ಮತ್ತೆ ಹಾಕಿದಳು; ಎರಡನೇ ಹಾಡಿನ ಅರ್ಧಕ್ಕೆ ನಾನೇ ನಿಲ್ಲಿಸಿದೆ, ಮುಂದೆ ಕೇಳುವ ಧೈರ್ಯ ಸಾಲಲಿಲ್ಲ.

ಒಂದು ಬದಿಗೆ ಮೂರೇ ಹಾಡು. ಜಾಗ ಧಾರಾಳ ಇತ್ತು. ಧ್ವನಿ ಚೆನ್ನಾಗಿ ಬರಲಿ ಅಂತ ನಲವತ್ತೈದಕ್ಕೆ ಕೆತ್ತಿಸಿದ್ದಾರೆ. ಪುಣ್ಯಾತ್ಮರು ಕವರಿನ ಮೇಲೆ ಹೇಳಿಲ್ಲ. ಊರವರ ಅಚ್ಚುತಪ್ಪು ಹುಡುಕಿ ಸಂಬಳ ತಗೊಂಡವನು ನಾನು. ಲೇಬಲ್ ಓದಲಿಲ್ಲ.

ಅಭಿಪ್ರಾಯ ತಪ್ಪಾದರೆ ಅದು ಅಭಿಪ್ರಾಯ, ಲೋಕೋಭಿನ್ನರುಚಿ ಅಂತ ಜಾರಿಕೊಳ್ಳಬಹುದು. ನಾನು ಅತ್ತಿಗೆಯ ಧ್ವನಿಯನ್ನು ಕೇಳಿರಲೇ ಇಲ್ಲ.

ಅವರಿಗೆ ಗಂಡುಗಂಟಲು ಇರಲೇ ಇಲ್ಲ.

ಮಾರ್ಚ್ 7, ಶುಕ್ರವಾರ.

ಕೂತಲ್ಲಿ ಕೂರಲಾಗುತ್ತಿಲ್ಲ. ಬಾಯಲ್ಲಿ ಬಿಸಿ ತುಪ್ಪ.

ಉಪಾಯ ಒಂದು: ಏನೂ ಹೇಳದೆ ಹದಿನೈದಕ್ಕೆ ಸರಿಯಾದ ವೇಗದಲ್ಲಿ ಹಾಕುವುದು. ಎಲ್ಲರೂ ಭೇಷ್ ಅನ್ನುತ್ತಾರೆ. ಆದರೆ ಅತ್ತಿಗೆ ಬರುವುದಿಲ್ಲ. ಬಂದರೂ, ಮುದುಕರ ಮರುಕ ಅಂದುಕೊಳ್ಳುತ್ತಾರೆ. ಆ ಗಡ್ಡ ಹೇಗೆ ಹುಟ್ಟಿತು ಅಂತ ಗೊತ್ತಾಗದೆ ಗಡ್ಡ ಉದುರುವುದಿಲ್ಲ.

ಉಪಾಯ ಎರಡು: ಮುಳ್ಳಿನ ಹೆಸರಲ್ಲಿ ಅನಾಮಧೇಯ ಪತ್ರ. ಬರೆದೆ. ಎಡಗೈಯಲ್ಲಿ, ಅಕ್ಷರ ಗುರುತು ಸಿಗಬಾರದು ಅಂತ. ಅದರಲ್ಲೂ ಎರಡು ಶ್ಲೇಷೆ ನುಸುಳಿದ್ದವು. ಹರಿದೆ.

ಮಗಳಿಗೆ ಎಲ್ಲ ಹೇಳಿದೆ.

"ಹೋಗಿ ಹೇಳಪ್ಪ, ಅಷ್ಟೆ."

"ಆ ಮನೆ ಬಾಗಿಲು ಮುಚ್ಚಿದ್ರೆ ನಾನು ಎಲ್ಲಿ ಹೋಗಲಿ?"

"ಹೇಳದೇ ಇದ್ರೆ ಹೋಗೋಕಾಗುತ್ತಾ?"

ಕಣ್ಣು ಪರೀಕ್ಷೆ ಮಾಡಿ ಮಾಡಿ ಇವಳಿಗೆ ಬೇರೆಯದೂ ಕಾಣುತ್ತದೆ.

ಮಾರ್ಚ್ 8, ಶನಿವಾರ.

ಫೋಕ್ ಆಲ್ಬಮ್. ಒಬ್ಬನೇ, ಒಂದು ಗಿಟಾರ್, ಊರೆಲ್ಲ ಹೊಗಳುವ ಪ್ಲೇಟು. ನಾಲ್ಕು ಸಲ ಎದ್ದು ಲೇಬಲ್ ನೋಡಿದೆ. ಚೀಟಿ ಖಾಲಿ ಕೊಟ್ಟೆ.

ಮೇಷ್ಟ್ರು: "ಏನ್ರೀ, ಒಂದು ಜೋಕೂ ಇಲ್ಲ, ಒಂದು ಮಾರ್ಕೂ ಇಲ್ಲ? ಹುಷಾರಿಲ್ವಾ?"

ಟಿಕ್ಕು ಮೆಟ್ಟಿಲ ಹತ್ತಿರ ಭುಜ ಹಿಡಿದ. "ಪ್ಲೇಟ್ ಕೇಳಿದ್ಯಾ?"

"ಇನ್ನೂ ಒರೆಸ್ತಿದ್ದೀನಿ."

"ನಾನೂ ಆವತ್ತಿಂದ ಹಾಕಿಲ್ಲ ಕಣೋ. ಅವಳು ಬಿಡಲಿಲ್ಲ. ಕೇಳಿ ನಿಜ ಹೇಳು. ನೀನು ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ."

ಪಾಪ.

ಮಾರ್ಚ್ 12, ಬುಧವಾರ.

ನಾಲ್ಕು ದಿನದಿಂದ ಜ್ವರ. ಅಂದರೆ, ಜ್ವರ ಅಂತ ಹೇಳಿದ್ದೇನೆ. ಟಿಕ್ಕು ಮೂರು ಸಲ ಫೋನ್ ಮಾಡಿದ. ಮಧ್ಯಾಹ್ನ ಅತ್ತಿಗೆ ಡಬ್ಬಿಯಲ್ಲಿ ಗಂಜಿ ಕಳಿಸಿದ್ದರು. ತಣ್ಣಗಾಗುವ ತನಕ ನೋಡುತ್ತಾ ಕೂತೆ. ತಿಂದೆ. ಉಪ್ಪು ಸರಿಯಾಗಿತ್ತು.

ನಾಳೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ ಮೂರು.

ಹೇಳಿದೆ.

ಹನ್ನೊಂದಕ್ಕೆ ಹೋದೆ, ಪ್ಲೇಟ್ ಕಂಕುಳಲ್ಲಿ. ಟಿಕ್ಕು ಮೇಜಿನ ಮೇಲೆ ಗೋಡೆ ಗಡಿಯಾರದ ಕರುಳು ಹರಡಿಕೊಂಡಿದ್ದ. ಅತ್ತಿಗೆ ಬಟಾಣಿ ಸುಲಿಯುತ್ತಿದ್ದರು.

"ಮುಳ್ಳು ಸಿಕ್ಕಿದ ಕಣೋ."

"ಎಲ್ಲಿ?"

"ನಿಮ್ಮನೇಲಿ. ಈ ಕುರ್ಚಿ ಮೇಲೆ."

ಟಿಕ್ಕು ನನ್ನನ್ನು ನೋಡಿದ. ನಕ್ಕ. ನಕ್ಕೇಬಿಟ್ಟ! "ಜ್ವರ ನೆತ್ತಿಗೇರಿದೆ. ಲೇ ತರಲೆ, ಎಲ್ಲದರಲ್ಲೂ ಆಟ ಆಡು, ಇದರಲ್ಲಿ ಬೇಡ. ಅವಳು ಕೂತಿದ್ದಾಳೆ."

"ಆಟ ಅಲ್ಲ ಕಣೋ. ನಾನೇ."

"ಹೂಂ. ಮೇಷ್ಟ್ರಿಗೆ ನೀನೇ ಇನ್‌ಕಂ ಟ್ಯಾಕ್ಸ್ ಆಫೀಸರ್ ಅಂತ ಫೋನ್ ಮಾಡಿದ್ದೆಯಲ್ಲ, ಹಂಗೆ."

ಎಪ್ಪತ್ತೆರಡು ವರ್ಷ ತೋಳ ಬಂತು ತೋಳ ಅಂದವನಿಗೆ ಇದೇ ಆಗುವುದು. ಮಾತು ಬಿಟ್ಟೆ. ಅವರ ಹಳೇ ಪ್ಲೇಯರಿನ ಧೂಳು ಅಂಗಿಯಲ್ಲೇ ಒರೆಸಿ, ಪ್ಲೇಟ್ ಹಾಕಿದೆ. ಮೂವತ್ತಮೂರರಲ್ಲಿ.

ಗಂಡಸು ಹಾಡತೊಡಗಿದ. ನಿಧಾನಕ್ಕೆ. ಕೆಸರಿನಲ್ಲಿ ಕಾಲು ಎತ್ತಿಡುವ ಹಾಗೆ.

"ನಾನು ಆವತ್ತು ಕೇಳಿದ್ದು ಇದು," ಅಂದೆ. "ನಿಮ್ಮ ಪ್ಲೇಟ್ ನಲವತ್ತೈದರದ್ದು. ನಾನು ನೋಡಲಿಲ್ಲ. ಅತ್ತಿಗೆ, ನಿಮ್ಮ ಧ್ವನೀಲಿ ಏನೂ ಐಬಿರಲಿಲ್ಲ. ಐಬು ನನ್ನ ಕೈಯಲ್ಲಿತ್ತು."

ಬಟಾಣಿ ಬಟ್ಟಲು ಮಗುಚಿತು. ಯಾರೂ ಹೆಕ್ಕಲಿಲ್ಲ. ಟಿಕ್ಕುವಿನ ಮುಖದಿಂದ ನಗು ಹೋಗಲು ಬಹಳ ಹೊತ್ತು ಹಿಡಿಯಿತು. ಅದನ್ನು ನೋಡುವುದೇ ಕಷ್ಟವಾಯಿತು.

ಅತ್ತಿಗೆ ಹಾಡು ಮುಗಿಯುವ ತನಕ ಅಲ್ಲಾಡಲಿಲ್ಲ. ಪೂರ್ತಿ ಕೇಳಿದರು. ಆಮೇಲೆ ಹೇಳಿದರು, ಪಿಸುಮಾತಲ್ಲಿ ಅಲ್ಲ:

"ಈ ಗಂಡಸೂ ಚೆನ್ನಾಗೇ ಹಾಡ್ತಾನಲ್ಲ. ಮೂರೇ ಯಾಕೆ ಕೊಟ್ಟೆ?"

ಮೂವತ್ತೆಂಟು ವರ್ಷ ನನಗೆ ನೀವು ಅಂದವರು. ಓದುಗರು ನಗಲಿ ಅಂತ, ಅಂದೆ. ಅದೇ ನಿಜ.

ಟಿಕ್ಕು ಒಂದೇ ಮಾತು ಆಡಿದ. "ಎದ್ದೇಳು. ಆ ಕುರ್ಚಿಯಿಂದ ಎದ್ದೇಳು."

ಮೆಟ್ಟಿಲು ಇಳಿಯುವಾಗ ಒಳಗೆ ಪ್ಲೇಟ್ ಮತ್ತೆ ಶುರುವಾಯಿತು. ಸರಿಯಾದ ವೇಗದಲ್ಲಿ. ನಿಂತು ಕೇಳಬೇಕೆನಿಸಿತು. ನಿಲ್ಲಲಿಲ್ಲ.

ಮಾರ್ಚ್ 14, ಶುಕ್ರವಾರ. ಸಂಜೆ.

ಫೋನ್. ಟಿಕ್ಕು ಅಂತ ಓಡಿದೆ. ಅತ್ತಿಗೆ. ಅವರು ನನಗೆ ಫೋನ್ ಮಾಡಿದ್ದು ಇದೇ ಮೊದಲು.

"ನಾಳೆ ಬರ್ತೀನಿ. ಒಂದು ಷರತ್ತು. ಪ್ಲೇಟ್ ಹಾಕೋ ಮುಂಚೆ ನೀನು ಹೊಸ ವಿಮರ್ಶೆ ಬರೆದು ಎಲ್ಲರೆದುರು ಓದಬೇಕು. ಹಳೇದನ್ನ ಬರೆದವನು ನಾನೇ ಅಂತ ಹೇಳಿ ಓದಬೇಕು. ಒಂದು ಪುಟ. ಒಂದೇ ಒಂದು ಜೋಕ್ ಬಂದ್ರೂ ಎದ್ದು ಹೋಗ್ತೀನಿ."

"ಹೊಗಳಬೇಕಾ ಅತ್ತಿಗೆ?"

"ಕೇಳಿದ್ದನ್ನ ಬರಿ. ಈ ಸಲ ಕೇಳಿ ಬರಿ."

"ಮತ್ತೆ... ಟಿಕ್ಕು?"

"ಗಡಿಯಾರ ಬಿಚ್ಚಿಟ್ಟವರು ಇನ್ನೂ ಜೋಡಿಸಿಲ್ಲ. ಮಾತೂ ಆಡಿಲ್ಲ. ಬರ್ತಾರೋ ಇಲ್ವೋ ಗೊತ್ತಿಲ್ಲ." ಸ್ವಲ್ಪ ತಡೆದು, "ಪ್ಲೇಟ್ ನಾನು ತರ್ತೀನಿ. ನಿನ್ನ ಕೈಗೆ ಕೊಡಲ್ಲ. ನಾನೇ ಹಾಕ್ತೀನಿ."

ಪ್ಲೇಟಿಲ್ಲದೆ ವಿಮರ್ಶೆ. ಒಂದೇ ಸಲ, ಒಂದೂವರೆ ಹಾಡು ಸರಿಯಾಗಿ ಕೇಳಿದ್ದೇನೆ. ಅದಷ್ಟೇ ಬಂಡವಾಳ.

ಮಾರ್ಚ್ 15, ಶನಿವಾರ. ಬೆಳಿಗ್ಗೆ ಒಂಬತ್ತು.

ಆರು ಹಾಳೆ ಹರಿದೆ. ಒಂದನೆಯದರಲ್ಲಿ 'ಕುರ್ಚಿ' ಇಟ್ಟು ಏನೋ ಚಮತ್ಕಾರ ಮಾಡಿದ್ದೆ. ಮೂರನೆಯದರಲ್ಲಿ ಪ್ರಾಸ. ಐದನೆಯದರಲ್ಲಿ ನನ್ನನ್ನೇ ಬೈದುಕೊಂಡಿದ್ದೆ, ಬಹಳ ಸೊಗಸಾಗಿ. ಜನ ನಗುತ್ತಿದ್ದರು, ನನ್ನನ್ನು ಮೆಚ್ಚಿ. ಅದೂ ಜೋಕೇ. ಮಗಳು ಓದಿ ತಲೆ ಅಲ್ಲಾಡಿಸಿದಳು.

"ಅಪ್ಪ, ನೀನು ಎಲ್ಲೆಲ್ಲೂ ಇದ್ದೀಯ. ಅವರೆಲ್ಲಿ?"

ಎದ್ದೆ. ಕೂತೆ. ಕಿಟಕಿ ತೆಗೆದೆ, ಹಾಕಿದೆ. ಕಣ್ಣು ಮುಚ್ಚಿ ನೆನಪಿಸಿಕೊಂಡೆ — ಬಾಗಿಲಲ್ಲಿ ಮಗಳು, ಚಾಚಿದ ನನ್ನ ಕೈ, ಆ ಮೊದಲ ಸಾಲು.

ಹತ್ತೂವರೆ. ಏಳನೇ ಹಾಳೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

"ನಲವತ್ತೊಂದು ವರ್ಷದ ಹಿಂದೆ ಮುಳ್ಳು ಎಂಬ ಹೆಸರಿನಲ್ಲಿ ಈ ಆಲ್ಬಮ್ಮಿಗೆ ಹತ್ತಕ್ಕೆ ಮೂರು ಕೊಟ್ಟವನು ನಾನು. ಆಗ ನಾನು ಇದನ್ನು ಕೇಳಿರಲಿಲ್ಲ. ಈಗ ಒಂದೂವರೆ ಹಾಡು ಕೇಳಿದ್ದೇನೆ. ಮೊದಲ ಹಾಡಿನಲ್ಲಿ ಒಬ್ಬಳು ಹುಡುಗಿ ಹಾಡುತ್ತಾಳೆ. ಅವಳಿಗೆ ಇಪ್ಪತ್ತೆಂಟು ಇರಬೇಕು. ಎರಡನೇ ಸಾಲಿಗೆ ಮುಂಚೆ ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆ. ಆಮೇಲೆ ಅವಳ ಧ್ವನಿ ತೆಳ್ಳಗೆ, ನೆಟ್ಟಗೆ ಮೇಲೇರುತ್ತದೆ, ಹಾಡು ಮುಗಿಯುವ ತನಕ ಎಲ್ಲೂ ತಗ್ಗುವುದಿಲ್ಲ."